ಪಾದ್ರಿನೊ ಕೊಟ್ಟ ಇಂಜೆಕ್ಟರುಗಳು

ತನ್ನ ಮೂಗೇ ಕೆಟ್ಟಿದೆಯೇನೋ ಎಂಬ ಅಳುಕು ಸೈದಾಳನ್ನು ಹಿಡಿದು ಕೆಲವು ದಿನಗಳಾಗಿದ್ದವು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅಪ್ಪನ ಗಾಡಿಯ ಬಳಿ ಹೋದಾಗಲೆಲ್ಲ ಅವಳಿಗೆ ಪೆಟ್ರೋಲಿನ ವಾಸನೆ ಬಡಿಯುತ್ತಿತ್ತು. ಜೊತೆಯಲ್ಲಿದ್ದವರಿಗೆ ಏನೂ ಬಡಿಯುತ್ತಿರಲಿಲ್ಲ. ಮನೆಗೆ ಬಂದು ಜಡೆ ಬಿಚ್ಚಿದರೆ ಕೂದಲಲ್ಲಿ ಅದೇ ವಾಸನೆ, ದಿಂಬಿನಲ್ಲಿ ಅದೇ. ಅಮ್ಮ ಬಿಸಿ ಸೂಪಿನ ಬಟ್ಟಲು ಮುಂದಿಟ್ಟರೆ ಲಾಮಾ ಮಾಂಸದ ಘಮದ ಅಡಿಯಿಂದ ಅದೇ ಮೇಲೆದ್ದು ಬರುತ್ತಿತ್ತು. ಒರುರೊ ಪಟ್ಟಣದಲ್ಲಿ ಮೋಟಾರು ವಿದ್ಯೆ ಓದಿ ಬಂದವಳು, ಮಾವನ ಗ್ಯಾರೇಜಿನ ಮೂಲೆಯ ಬೆಂಚಿನ ಮೇಲೆ ಕೂತು ಯಾರೊಂದಿಗೂ ಮಾತಾಡದೆ ಸ್ಪಾರ್ಕ್ ಪ್ಲಗ್ ಉಜ್ಜುವವಳು, ಇದ್ದಕ್ಕಿದ್ದಂತೆ ಬಾಯಿ ತೆರೆದು ನನಗೊಂದು ವಾಸನೆ ಬರುತ್ತಿದೆ ಎಂದರೆ ಯಾರು ನಂಬುತ್ತಾರೆ?

ಒಮ್ಮೆ ಮಾವ ಎಲಿಯೊದೊರೊನ ಮುಂದೆ ಮೂಗು ಮುಚ್ಚಿಕೊಂಡು, ಗಾಡಿಯ ಕಡೆ ಗದ್ದದಿಂದ ಸನ್ನೆ ಮಾಡಿದ್ದಳು. ಅಷ್ಟಕ್ಕೇ ಅವನು ನಕ್ಕಿದ್ದ.

"ಇಲ್ಲಿ ಗಾಳಿ ತೆಳು ಕಣೇ ಪುಟ್ಟಿ. ಉಯೂನಿಯಲ್ಲಿ ಪೆಟ್ರೋಲ್ ನಾರದೇ ಇರೋ ಗಾಡಿ ಒಂದಿದ್ರೆ ತೋರ್ಸು ನೋಡೋಣ. ಸಮುದ್ರದ ಪಕ್ಕ ಹುಟ್ಟಿದ ಇಂಜಿನ್ನು ಇಷ್ಟು ಎತ್ತರಕ್ಕೆ ಬಂದ್ರೆ ಏದುಸಿರು ಬಿಡುತ್ತೆ, ಅರ್ಧ ಊಟ ತಟ್ಟೇಲೇ ಬಿಡುತ್ತೆ. ಅದೇ ವಾಸನೆ."

ಊರಿನವರೆಲ್ಲ ಹೇಳುವುದೂ ಅದನ್ನೇ. ಕಪ್ಪು ಹೊಗೆ ಬಂದರೆ ಎತ್ತರ, ಬಿಸಿ ಇಂಜಿನ್ನು ಹತ್ತಿಕೊಳ್ಳದೆ ಕೆಮ್ಮಿದರೆ ಎತ್ತರ, ಪೆಟ್ರೋಲು ಎರಡರಷ್ಟು ಕುಡಿದರೆ ಎತ್ತರ. ತಲೆನೋವು ಬಂದ ಪ್ರವಾಸಿಗಳಿಗೆ ಕೋಕಾ ಎಲೆ ಕೊಟ್ಟು ಕೂರಿಸಿದ ಹಾಗೆ ಗಾಡಿಗಳಿಗೂ ಸಮಾಧಾನ ಹೇಳಿ ಓಡಿಸುತ್ತಿದ್ದರು.

ಕಾರ್ನಿವಲ್ ಹಬ್ಬದ ಮಂಗಳವಾರ ಬೆಳಗ್ಗೆ ಗಾಡಿ ಗ್ಯಾರೇಜಿನ ಅಂಗಳದಲ್ಲೇ ನಿಂತಿತ್ತು. ಅಂದು ಚಾಲ್ಯಾ. ಮನೆ, ಅಂಗಡಿ, ಗಾಡಿ, ಅನ್ನ ಕೊಡುವ ಎಲ್ಲಕ್ಕೂ ಕಾಗದದ ಸುರುಳಿ ಸುತ್ತಿ, ಹೂವು ಎರಚಿ, ಭೂತಾಯಿಗೆ ಮದ್ಯ ಚಿಮುಕಿಸಿ, ಪಟಾಕಿ ಹಚ್ಚುವ ದಿನ. ಮಧ್ಯಾಹ್ನ ಅವಳ ಧರ್ಮತಂದೆ, ಪಾದ್ರಿನೊ, ಬರುವವನಿದ್ದ. ಮರುದಿನ ಬೆಳಗ್ಗೆ ಅಪ್ಪ ಫ್ರೊಯ್ಲಾನ್ ಆರು ಜನ ಪ್ರವಾಸಿಗಳನ್ನು ಕೂರಿಸಿಕೊಂಡು ಉಪ್ಪಿನ ಬಯಲು ದಾಟಿ ದಕ್ಷಿಣದ ಕೆಂಪು ಸರೋವರಗಳ ಕಡೆ ಹೊರಡಬೇಕು. ದಾರಿಯಲ್ಲಿ ಬಂಕಿಲ್ಲ. ಹಾಗಾಗಿ ಪೆಟ್ರೋಲಿನ ಕ್ಯಾನುಗಳನ್ನು ಹಿಂದಿನ ದಿನವೇ ತುಂಬಿ ಗಾಡಿಯ ನೆತ್ತಿಗೆ ಕಟ್ಟಿಟ್ಟಿದ್ದ.

ಸೈದಾ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದಳು. ಆಯಿಲು ಗುರುತಿಗಿಂತ ಮೇಲಿತ್ತು. ಯಾರೂ ಸುರಿದಿರಲಿಲ್ಲ. ಸುರಿಯದೆ ಆಯಿಲು ಹೆಚ್ಚುವುದೆಂದರೆ ಏನು? ಬೆರಳಿಗೆ ಹಚ್ಚಿಕೊಂಡರೆ ನೀರಿನಂತೆ ಹರಿದು ಮಣಿಕಟ್ಟಿಗೆ ಇಳಿಯಿತು. ಅವಳು ಕಡ್ಡಿಯನ್ನು ಹಾಗೇ ಹಿಡಿದು ತಂದು, ಬಿಸಿ ಜೋಳದ ಅಪಿ ಕುಡಿಯುತ್ತ ಕೂತಿದ್ದ ಮಾವನ ಮೂಗಿನ ಕೆಳಗಿಟ್ಟಳು.

"ತೆಗಿಯೇ ಅತ್ಲಾಗೆ, ಕುಡಿಯೋದ್ರಲ್ಲಿ ಬೀಳುತ್ತೆ. ನನ್ನ ಮೂಗು ಸತ್ತು ಯಾವ ಕಾಲ ಆಯ್ತು! ನಿಮ್ಮತ್ತೆ ರೊಟ್ಟಿ ಸೀಯಿಸಿದ್ರೂ ಗೊತ್ತಾಗಲ್ಲ, ಅದಕ್ಕೇ ನಮ್ಮ ಸಂಸಾರ ಚೆನ್ನಾಗಿದೆ."

ಅವಳು ಕಡ್ಡಿಯನ್ನು ಕದಲಿಸಲಿಲ್ಲ. ಮಾವ ನಿಟ್ಟುಸಿರಿಟ್ಟು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ. ಇನ್ನೊಂದು ಸಲ ಉಜ್ಜಿದ. ಬಟ್ಟಲು ಕೆಳಗಿಟ್ಟ.

"ಗೇಜು ತಾ," ಅಂದ.

ಇಂಜಿನ್ನಿನೊಳಕ್ಕೆ ಪೆಟ್ರೋಲು ಚಿಮ್ಮಿಸುವ ಆರು ಇಂಜೆಕ್ಟರುಗಳಿಗೂ ಅದನ್ನು ಹಂಚುವ ದಪ್ಪ ಕೊಳವೆಗೆ ಒತ್ತಡ ಅಳೆಯುವ ಗೇಜು ಜೋಡಿಸಿದರು. ಸೈದಾ ಕೀಲಿ ತಿರುಗಿಸಿದಳು. ಪಂಪು ಗುಂಯ್ ಎಂದಿತು, ಮುಳ್ಳು ಮೇಲೇರಿ ನಿಂತಿತು. ಕೀಲಿಯನ್ನು ಹಿಂದಕ್ಕೆ ತಿರುಗಿಸಿದಳು. ಮುಳ್ಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿಯಂತೆ ಮೊದಲು ಮೆಲ್ಲಗೆ, ಆಮೇಲೆ ಸರಸರನೆ ಕೆಳಗೆ ಬಂತು.

"ಟ್ಯಾಂಕಿಗೆ ವಾಪಸ್ ಹೋಗೋ ಪೈಪಲ್ಲಿ ಇಳೀತಿರಬಹುದು," ಅಂದ ಮಾವ, ತನಗೇ ಹೇಳಿಕೊಳ್ಳುವಂತೆ. "ಹಿಸುಕಿ ಹಿಡಿ ಅದನ್ನ."

ಅವಳು ಇಕ್ಕಳದಿಂದ ರಬ್ಬರ್ ಪೈಪನ್ನು ಹಿಸುಕಿ ಹಿಡಿದಳು. ಮತ್ತೆ ಕೀಲಿ. ಮತ್ತೆ ಮುಳ್ಳು ಏರಿತು, ಮತ್ತೆ ಇಳಿಯಿತು.

"ಹಾಗಾದ್ರೆ ಪಂಪು."

ಈ ಸಲ ಒತ್ತಡ ಏರಿದ ಕೂಡಲೇ ಪಂಪಿನಿಂದ ಬರುವ ಪೈಪನ್ನೂ ಹಿಸುಕಿದರು. ಈಗ ಪೆಟ್ರೋಲಿಗೆ ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ಇಂಜೆಕ್ಟರುಗಳನ್ನು ಬಿಟ್ಟರೆ ಬೇರೆ ಬಾಗಿಲಿಲ್ಲ. ಇಬ್ಬರೂ ಗೇಜಿನ ಗಾಜನ್ನೇ ನೋಡಿದರು. ಮುಳ್ಳು ಇಳಿಯಿತು.

ಮಾವ ಸ್ಪ್ಯಾನರು ಎತ್ತಿಕೊಂಡ. ಬ್ಯಾಟರಿಯ ತಂತಿ ಬಿಚ್ಚಿ, ಉಪ್ಪು ತಿಂದು ಹಿಡಿದುಕೊಂಡಿದ್ದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಇಂಜೆಕ್ಟರುಗಳ ಸಮೇತ ಇಡೀ ಕೊಳವೆಯನ್ನು ಹಂದಿಮರಿಗಳು ಕಚ್ಚಿಕೊಂಡ ಹಂದಿಯ ಹಾಗೆ ಮೇಲಕ್ಕೆತ್ತಿದರು. ಸೈದಾ ಬಿಯರ್ ಪೆಟ್ಟಿಗೆಯ ರಟ್ಟನ್ನು ಹರಿದು ಮೂತಿಗಳ ಕೆಳಗೆ ಹಾಸಿದಳು. ಪಂಪಿಗೆ ಮಾತ್ರ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟರು. ಇಂಜಿನ್ನು ಓಡುತ್ತಿಲ್ಲ, ಯಾವ ಮೂತಿಯೂ ತೆರೆಯಬಾರದು, ರಟ್ಟು ಒಣಗಿಯೇ ಇರಬೇಕು.

ಮೊದಲು ಮೂರನೆಯದರ ಕೆಳಗೆ ಒಂದು ಕಪ್ಪು ಚುಕ್ಕೆ ಮೂಡಿತು. ಆಮೇಲೆ ಐದನೆಯದು. ಆಮೇಲೆ ಒಂದು, ಎರಡು.

"ನೋಡೇ, ನಾಲ್ಕು ಜನ ಆಗ್ಲೇ ಕಾರ್ನಿವಲ್ ಶುರು ಮಾಡ್ಕೊಂಡು ಜೊಲ್ಲು ಸುರಿಸ್ತಿದಾರೆ," ಅಂದ ಮಾವ. ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿರಲಿಲ್ಲ.

ಸೈದಾ ಬೆರಳಿಂದ ಮೇಲ್ಗಡೆ ತೋರಿಸಿದಳು. ಮೂತಿಗಳಷ್ಟೇ ಅಲ್ಲ, ಇಂಜೆಕ್ಟರು ಕೊಳವೆಯೊಳಗೆ ಕೂರುವ ಕತ್ತಿನ ಸುತ್ತಲೂ ಒದ್ದೆ. ಕತ್ತು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಸಣ್ಣದಿತ್ತು. ರಬ್ಬರ್ ರಿಂಗಿಗೆ ಹಿಡಿತವೇ ಸಿಕ್ಕಿರಲಿಲ್ಲ. ಮೂತಿಯಿಂದ ಸೋರಿದ್ದು ಒಳಗೆ ಹೋಗಿ ಆಯಿಲು ಸೇರುತ್ತಿತ್ತು. ಕತ್ತಿನಿಂದ ಸೋರಿದ್ದು ಹೊರಗೆ, ನೇರ ಕೆಳಗಿದ್ದ ಸೈಲೆನ್ಸರಿನ ಕಾದ ಕಬ್ಬಿಣದ ಮೇಲೆ.

ಹಾಗಾದರೆ ಅವಳ ಮೂಗು ಸರಿಯಾಗಿಯೇ ಇತ್ತು. ಒಂದು ಗಳಿಗೆ ಎಂಥ ಹಗುರ ಅನ್ನಿಸಿತೆಂದರೆ ನಗುವೇ ಬಂತು. ಮರುಗಳಿಗೆ ರಟ್ಟಿನ ಮೇಲೆ ಸಾಲಾಗಿ ನಿಂತಿದ್ದ ಇಂಜೆಕ್ಟರುಗಳ ಆರು ಚಂದದ ನೀಲಿ ಪ್ಲಾಸ್ಟಿಕ್ ಟೋಪಿಗಳನ್ನು ನೋಡಿ ನಗು ಇಂಗಿಹೋಯಿತು.

ಆ ನೀಲಿ ಟೋಪಿಯ ಇಂಜೆಕ್ಟರುಗಳನ್ನು ಕೊಟ್ಟವನು ಪಾದ್ರಿನೊ ನೆಮೆಸಿಯೊ. ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡಿದ್ದ ಧರ್ಮತಂದೆ, ಆ ನಂಟಿನಿಂದ ಅಪ್ಪನ ಕಂಪಾದ್ರೆ, ಅಂದರೆ ಒಡಹುಟ್ಟಿದವನಂಥವನು. ಮದುವೆಗೆ ಉಂಗುರದ ಖರ್ಚು ಹೊರುವ ಪಾದ್ರಿನೊ ಒಬ್ಬ, ಕೇಕಿನ ಪಾದ್ರಿನೊ ಒಬ್ಬ, ವಾದ್ಯದ ಪಾದ್ರಿನೊ ಒಬ್ಬ ಇರುವ ಊರು ಅದು. ಹಳೆಯ ಇಂಜೆಕ್ಟರುಗಳು ಕಟ್ಟಿಕೊಂಡು ಗಾಡಿ ಕುಂಟುತ್ತಿದ್ದಾಗ ಅಪ್ಪ ಒಂದು ಬಾಟಲಿ ಸಿಂಗಾನಿ ಸಾರಾಯಿ ಹಿಡಿದುಕೊಂಡು ಹೋಗಿ, ಇಂಜೆಕ್ಟರಿಗೆ ನೀನೇ ಪಾದ್ರಿನೊ ಆಗಬೇಕು ಕಂಪಾದ್ರೆ ಎಂದು ಕೇಳಿದ್ದ. ಲಾರಿ ಓಡಿಸುವ ನೆಮೆಸಿಯೊ ಬಂದರಿನ ಸಂತೆಯಲ್ಲಿ ಹೊಸದೆಂದು ನಂಬಿ ಕೊಂಡು, ತನ್ನ ಪೊಂಚೊ ಕಂಬಳಿಯಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ತಂದಿದ್ದ. ಕೊಡುವಾಗ ಕಣ್ಣಲ್ಲಿ ನೀರು. ಅವನ ಮೈ ದೊಡ್ಡದು, ಕಣ್ಣೀರು ಬಲು ಹತ್ತಿರ. ಹಿಂದೊಮ್ಮೆ ತಾನು ಪಾದ್ರಿನೊ ಆಗಿ ಕೊಟ್ಟಿದ್ದ ಧ್ವನಿವರ್ಧಕವನ್ನು ಒಬ್ಬರು ಮೂಲೆಗೆ ತಳ್ಳಿ ಬೇರೆಯದನ್ನು ಬಳಸಿದ್ದು ನೋಡಿ, ಊಟದ ತಟ್ಟೆಯ ಮುಂದಿನಿಂದ ಎದ್ದುಹೋದವನು ಆ ಮನೆಯ ಬೀದಿಯಲ್ಲೇ ಮತ್ತೆ ನಡೆದಿರಲಿಲ್ಲ.

"ಅವನಿಗೆ ಹೇಳೋರ್ಯಾರು?" ಅಂದ ಮಾವ.

ಸೈದಾ ನೆಲ ನೋಡಿದಳು. ಪಾದ್ರಿನೊನ ಮುಂದೆ ಅವಳು ಹುಟ್ಟಿದಾರಭ್ಯ ಆಡಿದ್ದು ಒಂದೇ ಮಾತು: ಹೂಂ ಪಾದ್ರಿನೊ.

"ಯಾರೂ ಬೇಡ," ಅಂದ ಮಾವ. "ಹಳೇವನ್ನ ನಾನು ತೊಳೆದಿಟ್ಟಿದೀನಿ. ಅವನ್ನೇ ಹಾಕೋಣ. ಹಳೇ ಹೆಂಡ್ತಿ ಮುಖ ಚೆನ್ನಾಗಿಲ್ದಿದ್ರೂ ಮನೆ ಸೋರಲ್ಲ."

ಡಬ್ಬಿಯಿಂದ ಮಾಸಲು ಬಣ್ಣದ ಆರು ಹಳೆಯ ಇಂಜೆಕ್ಟರುಗಳು ಹೊರಬಂದವು. ಸೈದಾ ಒಂದೊಂದಕ್ಕೂ ಹೊಸ ರಿಂಗು ತೊಡಿಸಿ, ಬೆರಳ ತುದಿಯಿಂದ ಶುದ್ಧ ಆಯಿಲು ಸವರಿ, ತಿರುಚದೆ ನೆಟ್ಟಗೆ ಒತ್ತಿ ಕೂರಿಸಿದಳು. ಪ್ರತಿಯೊಂದೂ ಕೂರುವಾಗ ಅಂಗೈಗೆ ಒಂದು ಮೆತ್ತನೆಯ ತಟ್ಟು ಸಿಗುತ್ತಿತ್ತು. ನೀಲಿಯವು ಅದನ್ನು ಕೊಟ್ಟಿರಲೇ ಇಲ್ಲ. ಕೊಳವೆ ಬಿಗಿದು, ತಂತಿ ಸಿಕ್ಕಿಸಿ, ಗೇಜು ಜೋಡಿಸಿ, ಕೀಲಿ ತಿರುಗಿಸಿ ಆರಿಸಿದರು. ಮುಳ್ಳು ಮೇಲೇರಿ ನಿಂತಿತು. ಮಾವ ತಣ್ಣಗಾಗಿದ್ದ ಅಪಿಯನ್ನು ಪೂರ್ತಿ ಕುಡಿದು ಮುಗಿಸಿ ಬಂದು ನೋಡಿದಾಗಲೂ ಅಲ್ಲೇ ನಿಂತಿತ್ತು. ಕೆಟ್ಟ ಆಯಿಲನ್ನು ಬಸಿದು ಹೊಸದು ಸುರಿದರು.

ಆಗ ಅಪ್ಪ ಬಂದ. ಕಂಕುಳಲ್ಲಿ ಕಾಗದದ ಸುರುಳಿಗಳ ಕಟ್ಟು, ಕೈಯಲ್ಲಿ ಹೂವು, ಟೋಪಿಯ ಮೇಲೆ ಯಾರೋ ಎರಚಿದ ಬಣ್ಣದ ಕಾಗದದ ಚೂರು. ಹಾಡು ಗುನುಗುತ್ತ ಬಂದವನು ಬಾನೆಟ್ಟಿನೊಳಗೆ ಬಗ್ಗಿ ನೋಡಿದ.

"ನೀಲಿಯವು ಎಲ್ಲಿ?"

"ಸೋರ್ತಿದ್ವು ಭಾವ," ಅಂದ ಮಾವ. ರಟ್ಟು ತೋರಿಸಿದ. ಕತ್ತು ತೋರಿಸಿದ. ಬಸಿದ ಆಯಿಲು ತೋರಿಸಿದ. ಅಪ್ಪ ಎಲ್ಲವನ್ನೂ ನೋಡಿದ, ಅರ್ಥವಾಗದವನಲ್ಲ. ಬದುಕಿಡೀ ಸ್ಟೀರಿಂಗು ಹಿಡಿದವನು.

"ಆಯ್ತು. ನಾಳೆ ಬೆಳಗ್ಗೆ ಹಳೇವನ್ನ ಹಾಕು. ಈಗ ನೀಲಿಯವನ್ನ ಹಾಕು."

"ತಲೆ ಕೆಟ್ಟಿದ್ಯಾ ಭಾವ?"

"ಕಂಪಾದ್ರೆ ಬಂದ ತಕ್ಷಣ ಬಾನೆಟ್ ಎತ್ತಿಸ್ತಾನೆ. ತಾನು ಕೊಟ್ಟಿದ್ದರ ಮೇಲೆ ತನ್ನ ಕೈಯಾರೆ ಚಿಮುಕಿಸ್ಬೇಕು ಅವನು. ಅಲ್ಲಿ ಈ ಕೊಳಕು ಮುಖ ಕಂಡ್ರೆ? ಚಾಲ್ಯಾ ದಿನ? ಎಲ್ಲರ ಎದುರಿಗೆ?"

"ಹಾಗಂತ..."

"ಇವಳನ್ನ ಎತ್ಕೊಂಡಿದ್ದು ಅವನು. ನಾನು ಮಂಜಲ್ಲಿ ಸಿಕ್ಕಾಕ್ಕೊಂಡಾಗ ಲಾರಿ ತಿರುಗಿಸ್ಕೊಂಡು ಬಂದಿದ್ದು ಅವನು. ಒಂದು ಮಧ್ಯಾಹ್ನ ಎಲಿಯೊದೊರೊ. ಒಂದೇ ಮಧ್ಯಾಹ್ನ. ಸೋರಿದ್ರೆ ಸೋರ್ಲಿ."

ಮಾವ ಸೈದಾಳ ಕಡೆ ನೋಡಿದ. ಓದಿದವಳು ನೀನು, ಹೇಳು ಎಂಬಂತೆ. "ಅಪ್ಪಾ," ಅಂದಳು ಅವಳು. ಅಪ್ಪ ತಿರುಗಿ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಸಿಟ್ಟಿದ್ದಿದ್ದರೆ ಮಾತಾಡಬಹುದಿತ್ತೇನೋ. ಅವಳು ಬಗ್ಗಿ ಸ್ಪ್ಯಾನರು ಎತ್ತಿಕೊಂಡಳು.

"ಇಂಜಿನ್ನು ಹಚ್ಚಲ್ಲ ಅಂತ ಮಾತು ಕೊಡು," ಅಂದ ಮಾವ ಕೊನೆಗೆ. "ತಣ್ಣಗೆ ನಿಂತಿರ್ಲಿ. ಪಂಪು ತಿರುಗದಿದ್ರೆ ಒತ್ತಡ ಇರಲ್ಲ, ಒತ್ತಡ ಇಲ್ದಿದ್ರೆ ಸೋರಲ್ಲ. ನೋಡ್ಲಿ, ಚಿಮುಕಿಸ್ಲಿ, ಅತ್ತು ಹೋಗ್ಲಿ."

"ಭೂತಾಯಿ ಆಣೆ ಹಚ್ಚಲ್ಲ."

ತಾನು ಕೂರಿಸಿದ್ದನ್ನು ತಾನೇ ಕಿತ್ತು, ಸೈದಾ ನೀಲಿಯವನ್ನು ಮತ್ತೆ ಕೂರಿಸಿದಳು. ಆರು ಸಲವೂ ಅಂಗೈ ಆ ಮೆತ್ತನೆಯ ತಟ್ಟಿಗಾಗಿ ಕಾಯಿತು. ಆರು ಸಲವೂ ಸಿಗಲಿಲ್ಲ.

ನೆಮೆಸಿಯೊ ಬರುವುದು ಬೀದಿಯ ತಿರುವಿನಿಂದಲೇ ಕೇಳಿಸಿತು. ಅವನ ಹೆಂಡತಿ ಬಾಲ್ಬಿನಾ ಬುಟ್ಟಿ ತುಂಬ ಹೂದಳ ಹಿಡಿದು ಮುಂದೆ, ಅವನು ಬಿಯರ್ ಪೆಟ್ಟಿಗೆ ಹೊತ್ತು ಹಿಂದೆ, ಕೊರಳಲ್ಲಿ ಹಾರದ ಹಾಗೆ ಕೆಂಪು ಪಟಾಕಿಸರ. ಅಪ್ಪನನ್ನು ತಬ್ಬಿದ, ಮಾವನನ್ನು ತಬ್ಬಿದ, ಸೈದಾಳ ನೆತ್ತಿಯ ಮೇಲೆ ಬಣ್ಣದ ಕಾಗದದ ಚೂರು ಸುರಿದ.

"ಏನೇ ನನ್ನ ಇಂಜಿನಿಯರಮ್ಮ, ಇನ್ನೂ ಮಾತು ಬಂದಿಲ್ವಾ ನಿಂಗೆ? ಅಷ್ಟು ದೊಡ್ಡ ಓದು ಓದಿಸಿದ್ರೂ ಮಾತಾಡೋದು ಮಾತ್ರ ಹೇಳ್ಕೊಡ್ಲಿಲ್ವಾ?"

"ಬಿಡಿ ಅವಳನ್ನ," ಅಂದಳು ಬಾಲ್ಬಿನಾ. "ನೀವು ಇಬ್ಬರ ಪಾಲು ಮಾತಾಡ್ತೀರಲ್ಲ, ಅವಳ ಪಾಲಿನದೂ ನಿಮ್ಮ ಹತ್ರಾನೇ ಇರ್ಬೇಕು."

ಬಾನೆಟ್ ಎತ್ತಿದರು. ನೆಮೆಸಿಯೊ ನೀಲಿ ಟೋಪಿಗಳನ್ನು ಒಂದೊಂದಾಗಿ ಬೆರಳಿಂದ ತಟ್ಟಿದ, ಆರೂ ಇವೆಯೇ ಎಂದು ನೋಡುವವನಂತೆ ಅಲ್ಲ, ಮಕ್ಕಳ ತಲೆ ಸವರುವವನಂತೆ. ಕಣ್ಣು ತುಂಬಿತು. ಹಳದಿ ಕಾಗದದ ಸುರುಳಿಯನ್ನು ಬಿಚ್ಚಿ ಕೊಳವೆಯ ಸುತ್ತ, ತಂತಿಗಳ ನಡುವೆ, ಇಂಜೆಕ್ಟರುಗಳ ಕತ್ತಿಗೆ ಸುತ್ತಿದ. ಬಾಟಲಿಯಿಂದ ಸಾರಾಯಿಯನ್ನು ಮೊದಲು ನೆಲಕ್ಕೆ, ಆಮೇಲೆ ನಾಲ್ಕು ಚಕ್ರಕ್ಕೆ, ಆಮೇಲೆ ಇಂಜಿನ್ನಿನ ಮೇಲೆ ಚಿಮುಕಿಸಿದ. ಅಂಗಳವೆಲ್ಲ ಸಾರಾಯಿ ಘಾಟು. ಈಗ ಯಾವ ಮೂಗಿಗೂ ಬೇರೇನೂ ತಿಳಿಯುವಂತಿರಲಿಲ್ಲ, ಸೈದಾಳದಕ್ಕೂ.

"ಹಚ್ಚು ಕಂಪಾದ್ರೆ," ಅಂದ ನೆಮೆಸಿಯೊ. "ಹಾಡ್ಲಿ. ನನ್ನ ಮಕ್ಕಳು ಹೇಗೆ ಹಾಡ್ತಾರೆ ಕೇಳ್ಬೇಕು ನಾನು."

ಅಪ್ಪ ನಕ್ಕ. "ಆಮೇಲೆ ಹಚ್ಚೋಣ ಕಂಪಾದ್ರೆ, ಮೊದ್ಲು ಬಿಯರು..."

"ಆಮೇಲೇನು ಆಮೇಲೆ! ಸತ್ತ ಗಾಡಿಗೆ ಯಾರಾದ್ರೂ ಚಾಲ್ಯಾ ಮಾಡ್ತಾರಾ? ಉಸಿರಾಡ್ತಿದ್ರೆ ತಾನೆ ಭೂತಾಯಿ ಕಿವಿಗೆ ಬೀಳೋದು. ಯಾಕೆ, ಹತ್ತಲ್ವಾ? ನಾನು ಕೊಟ್ಟಿದ್ದು ಕೆಲ್ಸ ಮಾಡ್ತಿಲ್ವಾ?"

"ಛೆ ಛೆ, ಅದೆಂಥ ಮಾತು!"

ಅಪ್ಪ ಮಾವನ ಕಡೆ ನೋಡದೆ ಹೋಗಿ ಕೀಲಿ ತಿರುಗಿಸಿದ. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ನೆಮೆಸಿಯೊ ಚಪ್ಪಾಳೆ ತಟ್ಟಿದ. ಬಾಲ್ಬಿನಾ ಹೂದಳ ಎರಚಿದಳು. ದೂರದ ಬೀದಿಯಲ್ಲಿ ಕಹಳೆಯ ಮೇಳವೊಂದು ತಾಳ ತಪ್ಪಿ ಊದುತ್ತಿತ್ತು.

ಸೈದಾ ಕಾಗದ ನೋಡುತ್ತಿದ್ದಳು. ಸಾರಾಯಿ ಬಿದ್ದು ಒದ್ದೆಯಾಗಿದ್ದ ಹಳದಿ ಸುರುಳಿಗಳು ಆ ಬಯಲ ಗಾಳಿಗೆ ಆಗಲೇ ಒಣಗಿ ಹಗುರಾಗಿ ಪಟಪಟಿಸುತ್ತಿದ್ದವು. ಮೂರನೆಯ ಇಂಜೆಕ್ಟರಿನ ಕತ್ತಿಗೆ ಸುತ್ತಿದ್ದು ಮಾತ್ರ ಅಲುಗುತ್ತಿರಲಿಲ್ಲ. ಅದು ಇಂಜಿನ್ನಿಗೆ ಅಂಟಿಕೊಂಡಿತ್ತು. ಅದರ ಹಳದಿ ಕಂದಾಗಿ, ಎಣ್ಣೆ ಕಾಗದದ ಹಾಗೆ ಆರಪಾರ ಕಾಣತೊಡಗಿತು. ಸೋರಿದ ಪೆಟ್ರೋಲು ಸುರುಳಿಯ ಗುಂಟ ಇಳಿಯುತ್ತಿತ್ತು. ಸುರುಳಿಯ ತುದಿ ಸೈಲೆನ್ಸರಿನ ಕಬ್ಬಿಣಕ್ಕೆ ಒಂದು ಗೇಣು ಮೇಲೆ ಜೋಲುತ್ತಿತ್ತು. ಕಬ್ಬಿಣ ಇನ್ನೂ ತಣ್ಣಗಿತ್ತು. ಎಷ್ಟು ಹೊತ್ತು ಇರುತ್ತದೆ?

ಮಾವನಿಗೂ ಕಂಡಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಿದ್ದ. ಅಪ್ಪನಿಗೂ ಕಂಡಿರಬೇಕು. ಅವನು ತನ್ನ ಬೂಟುಗಳನ್ನೇ ನೋಡುತ್ತಿದ್ದ.

ನೆಮೆಸಿಯೊ ಕೊರಳಿಂದ ಪಟಾಕಿಸರ ತೆಗೆದು ಮುಂದಿನ ಬಂಪರಿಗೆ ಜೋತುಹಾಕಿದ. ಜೇಬು ತಡಕಿ ಬೆಂಕಿಪೊಟ್ಟಣ ಹೊರತೆಗೆದ. ಒಂದು ಕಡ್ಡಿಯನ್ನು ಎಳೆದವನು ಏನೋ ಹೊಳೆದಂತೆ ನಿಂತ.

"ನಾನಲ್ಲ," ಅಂದ. "ನನ್ನ ಧರ್ಮಪುತ್ರಿ ಹಚ್ಚಲಿ. ಬಾರೇ ಇಲ್ಲಿ. ಮಾತಾಡದಿದ್ರೂ ಪರವಾಗಿಲ್ಲ, ನಿನ್ನ ಪರವಾಗಿ ಪಟಾಕಿ ಮಾತಾಡುತ್ತೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಶಬ್ದ ಬರದೆ. ಪೊಟ್ಟಣ ಅವಳ ಅಂಗೈಗೆ ಬಂತು. ಅದು ಪಾದ್ರಿನೊನ ಮೈಯ ಬಿಸಿಗೆ ಬೆಚ್ಚಗಿತ್ತು. ಅವಳ ಕಣ್ಣು ತಾನಾಗಿ ಗಾಡಿಯ ನೆತ್ತಿಗೆ ಹೋಯಿತು. ಹಗ್ಗ ಬಿಗಿದ ಪೆಟ್ರೋಲ್ ಕ್ಯಾನುಗಳ ಮೇಲೂ ಯಾರೋ ಹೂ ಎರಚಿದ್ದರು.

"ಹಚ್ಚಮ್ಮ," ಅಂದಳು ಬಾಲ್ಬಿನಾ, ಎರಡೂ ಕಿವಿ ಮುಚ್ಚಿಕೊಂಡು.

"ಹೂಂ ಪಾದ್ರಿನೊ," ಎಂದಿತು ಬಾಯಿ, ರೂಢಿಯಂತೆ. ಕಾಲು ಮಾತ್ರ ಬಂಪರಿನ ಕಡೆ ಹೋಗಲಿಲ್ಲ. ಬಾಗಿಲ ಕಡೆ ಹೋಯಿತು. ಅವಳು ಕೈ ಒಳಗೆ ಚಾಚಿ ಕೀಲಿ ತಿರುಗಿಸಿ ಕಿತ್ತುಕೊಂಡಳು. ಇಂಜಿನ್ನು ಆರಿತು. ಕಾಗದಗಳು ಪಟಪಟಿಸುವುದು ಕೇಳಿಸಿತು.

"ಯಾಕೆ ಮಗಳೇ?" ನೆಮೆಸಿಯೊ ನಗುತ್ತಲೇ ಕೇಳಿದ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಏನಾಯ್ತು?"

"ಏನಿಲ್ಲ ಕಂಪಾದ್ರೆ, ಅವಳಿಗೆ ಪಟಾಕಿ ಅಂದ್ರೆ ಭಯ," ಅಂದ ಅಪ್ಪ ಅವಸರದಿಂದ. "ಕೊಡೇ ಪೊಟ್ಟಣ, ನಾನು..."

ಅಪ್ಪ ಕೈ ಚಾಚಿದ. ಅವಳು ಪೊಟ್ಟಣವನ್ನು ಕೊಡಲಿಲ್ಲ. ಮುಷ್ಟಿಯಲ್ಲಿ ಅದರ ಮೂಲೆಗಳು ಚುಚ್ಚುವಷ್ಟು ಬಿಗಿಯಾಗಿ ಹಿಡಿದು, ಆ ದೊಡ್ಡ, ಒದ್ದೆ, ಒಳ್ಳೆಯ ಕಣ್ಣುಗಳನ್ನೇ ನೋಡಿದಳು. ಅವು ಈಗ ಏನಾಗುತ್ತವೆಂದು ಅವಳಿಗೆ ಗೊತ್ತಿತ್ತು.

"ಪಾದ್ರಿನೊ," ಅಂದಳು. ಧ್ವನಿ ತನ್ನದಲ್ಲವೆಂಬಷ್ಟು ಜೋರಾಗಿ ಬಂತು. "ನೀವು ಕೊಟ್ಟ ಇಂಜೆಕ್ಟರುಗಳು ಸೋರ್ತಿವೆ."